ಕತ್ತಿಗಿಂತ ಮೊದಲು ಬಕೆಟ್: ಮಿರ್ಜಾನ್ ಕಡೆಯ ಹತ್ತು ಗುಂಟೆ ಹಿತ್ತಲಿನ ಕೆಲಸದ ದಾಖಲೆ

ಜಾಗ ಕುಮಟಾ ತಾಲೂಕಿನ ಮಿರ್ಜಾನ್ ಕಡೆಯದು. ಹತ್ತು ಗುಂಟೆ, ಅಂದರೆ ಸುಮಾರು 1,000 ಚದರ ಮೀಟರ್. ಹೆಂಚಿನ ಮನೆ, ಹಿಂದೆ ಕೊಟ್ಟಿಗೆ, ಚಿರೆಕಲ್ಲಿನ ಬಾವಿ, ಹದಿನಾಲ್ಕು ತೆಂಗು, ಮೂರು ಗೇರು, ಒಂದು ಹಲಸು. ಮೂರು ಮಳೆಗಾಲ ಯಾರೂ ಕೈ ಹಾಕಿರಲಿಲ್ಲ. ಪಾಗಾರದ (ಸುತ್ತುಗೋಡೆಯ) ಉದ್ದಕ್ಕೂ ಲಂಟಾನ, ನಡುವೆ ಎದೆಮಟ್ಟ ಕಮ್ಯುನಿಸ್ಟ್ ಗಿಡ ಎಂಬ ಕಳೆ, ದಣಪೆಯ (ಹಿತ್ತಲಿಗೆ ಹೊಗುವ ಬಾಗಿಲಿನ) ಹತ್ತಿರ ನಸುಗುನ್ನಿ ಬಳ್ಳಿ.

ಕೆಲಸಕ್ಕೆ ಐದು ದಿನ ಹಿಡಿಯಿತು. ಕೂಲಿ ಲೆಕ್ಕದಲ್ಲಿ ಹನ್ನೊಂದು ಆಳು. ಇದರಲ್ಲಿ ಕಡಿದದ್ದು ಎರಡೇ ದಿನ. ಉಳಿದ ದಿನಗಳೆಲ್ಲ ಹೆಕ್ಕಲು, ಬೇರೆ ಮಾಡಲು, ಯಾವುದನ್ನು ಎಲ್ಲಿಗೆ ಒಯ್ಯಬೇಕೆಂದು ಫೋನಿನಲ್ಲಿ ಕೇಳಲು ಹೋದವು. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಮೊದಲು ಹುಲ್ಲು ಕಡಿಯುವ ಮಷಿನ್ ಕರೆಸಿ ಬೋಳಿಸುವುದು, ಆಮೇಲೆ ಕಂಡದ್ದನ್ನೆಲ್ಲ ಒಂದೇ ರಾಶಿ ಮಾಡಿ ಬೆಂಕಿ ಕೊಡುವುದು. ಹುಲ್ಲಿನೊಳಗೆ ಬಿದ್ದ ಟ್ಯೂಬ್‌ಲೈಟಿಗೆ ಬ್ಲೇಡ್ ತಗುಲಿದ ಮೇಲೆ ಅದನ್ನು ಹೆಕ್ಕಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ವಿಷ ಮತ್ತು ಗಾಜು, ಆಮೇಲೆ ಕತ್ತಿ. ಆ ಮೊದಲ ದಿನದ ಕೆಲಸ ಮನೆಯವರದ್ದೇ. ಕೂಲಿಗೆ ಬಂದವರಿಂದ ಅದನ್ನು ಮಾಡಿಸಬಾರದು. ಯಾವ ಡಬ್ಬದಲ್ಲಿ ಏನಿತ್ತು ಎನ್ನುವುದು ಮನೆಯವರಿಗಾದರೂ ಅಷ್ಟಿಷ್ಟು ಗೊತ್ತಿರುತ್ತದೆ, ಕೂಲಿಯವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಯಾವಾಗ, ಯಾರನ್ನು

ಅಕ್ಟೋಬರ್ ಕೊನೆಯ ವಾರ ಆಯ್ದದ್ದಕ್ಕೆ ಕಾರಣಗಳಿವೆ. ಮಳೆ ನಿಂತಿರುತ್ತದೆ, ಮಣ್ಣು ಇನ್ನೂ ಹಸಿ, ಕಮ್ಯುನಿಸ್ಟ್ ಗಿಡ ಬೇರು ಸಮೇತ ಕೈಗೆ ಬರುತ್ತದೆ. ಅದು ಹೂ ಬಿಟ್ಟು ಬೀಜ ಹಾರಿಸುವುದು ಡಿಸೆಂಬರ್‌ ನಂತರ, ಅಷ್ಟರೊಳಗೆ ಕಡಿದರೆ ಮುಂದಿನ ವರ್ಷದ ಅರ್ಧ ಕೆಲಸ ಉಳಿಯಿತು. ನಸುಗುನ್ನಿಯ ಕಾಯಿ ಒಣಗಿ ರೋಮ ಉದುರಿಸುವುದೂ ಆಮೇಲೆಯೇ. ಘಟ್ಟದ ಅಂಚಿನ ಊರುಗಳಲ್ಲಿ ಇನ್ನೊಂದು ಲೆಕ್ಕವೂ ಇದೆ: ಮಂಗನ ಕಾಯಿಲೆ ಹರಡುವ ಉಣುಗು ಬೇಸಿಗೆಯವರೆಗೆ ದರಕಿನಲ್ಲೇ (ಉದುರಿದ ಒಣ ಎಲೆಯಲ್ಲೇ) ಇರುತ್ತದೆ. ಹೊನ್ನಾವರ, ಸಿದ್ದಾಪುರ, ಶಿರಸಿ ಕಡೆ ಒಣ ಎಲೆ ಗುಡಿಸುವ ಕೆಲಸವನ್ನು ಡಿಸೆಂಬರ್ ದಾಟಿಸಿದರೆ ಆ ಅಪಾಯವನ್ನು ಕೂಲಿಯವರ ಮೈಮೇಲೆ ಹಾಕಿದಂತೆ.

ತೊಂದರೆ ಒಂದೇ. ಇದು ಭತ್ತದ ಕೊಯ್ಲಿನ ಹೊತ್ತು, ಆಳು ಸಿಗುವುದಿಲ್ಲ. ಎರಡು ವಾರ ಮುಂಚೆ ಹೇಳಿಟ್ಟು, ಹಿಂದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿದರೆ ಮಾತ್ರ ಬೆಳಿಗ್ಗೆ ಎಂಟೂವರೆಗೆ ಜನ ಕಾಣುತ್ತಾರೆ. ಘಟ್ಟದ ಮೇಲಿನವರಿಗೆ ಇದಾದ ಮೇಲೆ ಅಡಿಕೆಯ ಕೊನೆಕೊಯ್ಲು ಇದೆ. ಅಲ್ಲಂತೂ ನವೆಂಬರ್‌ನಿಂದ ಜನವರಿವರೆಗೆ ಹಿತ್ತಲಿನ ಕೆಲಸದ ಆಸೆಯನ್ನೇ ಬಿಡಬೇಕು.

ಮಾತಾದದ್ದು ಹೀಗೆ: ಮಷಿನ್ ಹೊಡೆಯುವವರಿಗೆ ಗಂಟೆಗೆ 350 ರೂಪಾಯಿ, ಪೆಟ್ರೋಲ್ ಮನೆಯವರದ್ದು. ಗಂಟೆ ಎಂದರೆ ಎಂಜಿನ್ ಓಡಿದ ಗಂಟೆ, ಬಂದ ಗಂಟೆ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ಸಂಜೆ ಜಗಳ ಖಾತ್ರಿ. ಗುಡಿಸಿ ಹೊರುವವರಿಗೆ ದಿನಕ್ಕೆ 700, ಗಂಡಸಿಗೂ ಹೆಂಗಸಿಗೂ ಒಂದೇ. ಹೆಂಗಸರಿಗೆ ಕಡಿಮೆ ಕೊಡುವ ರೂಢಿ ಇನ್ನೂ ಇದೆ. ಆದರೆ ಈ ಕೆಲಸದ ಜಾಣತನವೆಲ್ಲ ಬೇರೆ ಮಾಡುವುದರಲ್ಲಿದೆ, ಅದನ್ನು ಮಾಡುವವರು ಹೆಚ್ಚಾಗಿ ಅವರೇ. ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ ಚಾ, ಮಧ್ಯಾಹ್ನ ಊಟ, ಇಡೀ ದಿನ ಕುಡಿಯಲು ನೀರು ಮನೆಯಿಂದ.

ಪೂರ್ತಿ ಕೆಲಸವನ್ನು ಗುತ್ತಿಗೆ ಕೊಡುವುದು ಬೇಡ. ಕಡಿಯುವುದನ್ನು ಅಳತೆ ಹಿಡಿದು ಗುತ್ತಿಗೆ ಕೊಡಬಹುದು, ಹೆಕ್ಕುವುದನ್ನು ಕೊಡಬಾರದು. ಗುತ್ತಿಗೆಯವರಿಗೆ ಬೇಗ ಮುಗಿದಷ್ಟೂ ಲಾಭ. ಬೇಗ ಮುಗಿಸಲು ಇರುವುದು ಎರಡೇ ದಾರಿ, ಪಾಗಾರದ ಆಚೆ ತಳ್ಳುವುದು ಅಥವಾ ಸುಡುವುದು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಒಪ್ಪಂದವೇ ಹಾಗೆ ಮಾಡಿಸುತ್ತದೆ.

ಮಾತಾಡುವಾಗಲೇ ಹೇಳಿಬಿಡಬೇಕಾದ ಮೂರು ಷರತ್ತು: ಬೆಂಕಿ ಇಲ್ಲ, ಹೂಳುವುದು ತೋರಿಸಿದ ಗುಂಡಿಯಲ್ಲಿ ಮಾತ್ರ, ಗೊತ್ತಿಲ್ಲದ ಡಬ್ಬ-ಬಾಟಲಿ ಕಂಡರೆ ಮುಟ್ಟದೆ ಕರೆಯಬೇಕು. “ಒಂದು ಕಡ್ಡಿ ಗೀರಿದ್ರೆ ಮುಗೀತಲ್ರಾ” ಎಂಬ ಮಾತು ಬಂದೇ ಬರುತ್ತದೆ. ರಾಶಿಯಲ್ಲಿ ಬರೀ ಎಲೆ ಇದ್ದ ಕಾಲದಲ್ಲಿ ಅದು ಸರಿಯೇ ಇತ್ತು, ಆ ಬೂದಿ ಗೊಬ್ಬರವೂ ಆಗುತ್ತಿತ್ತು. ಈಗಿನ ರಾಶಿಯಲ್ಲಿ ಹಾಲಿನ ಕವರು, ಪಿವಿಸಿ ಪೈಪಿನ ತುಂಡು, ವಯರು, ಗಾಜು ಎಲ್ಲ ಸೇರಿರುತ್ತವೆ. ಜತೆಗೆ ಗೇರುಬೀಜದ ಸಿಪ್ಪೆ ಇದ್ದರೆ ಅದರ ಎಣ್ಣೆಯ ಹೊಗೆಗೆ ಕಣ್ಣು, ಗಂಟಲು, ಚರ್ಮ ಎಲ್ಲ ಉರಿಯುತ್ತವೆ.

ಒಂದನೇ ದಿನ: ವಿಷ, ಗಾಜು, ಬ್ಯಾಟರಿ

ಸಾಮಾನು: ಮುಚ್ಚಳ ಇರುವ 20 ಲೀಟರಿನ ಹಳೇ ಪೇಂಟ್ ಬಕೆಟ್ ನಾಲ್ಕು, ಒಣ ಮರಳು ಎರಡು ಬುಟ್ಟಿ, ಸೋಡಾಪುಡಿ ಅರ್ಧ ಕೆಜಿ, ಉದ್ದ ತೋಳಿನ ರಬ್ಬರ್ ಕೈಗವಸು, ಗಂಬೂಟು, ಎನ್95 ಮಾಸ್ಕ್, ಅಗಲ ಟೇಪು, ಮಾರ್ಕರ್ ಪೆನ್ನು, ಐದಡಿ ಉದ್ದದ ಗಳ. ಗಳದಿಂದ ಮೊದಲು ಹುಲ್ಲಿಗೆ ಬಡಿಯುತ್ತ ಹೋಗಬೇಕು, ಹಾವು ಇದ್ದರೆ ಸರಿಯಲು ಹೊತ್ತು ಸಿಗುತ್ತದೆ. ಹಂಚಿನ ಅಟ್ಟಿ, ಕಲ್ಲಿನ ಅಟ್ಟಿ ಎತ್ತುವಾಗ ಆಚೆಯ ಅಂಚಿಗೆ ಹಾರೆ ಹಾಕಿ ತಮ್ಮ ಕಡೆಗೆ ವಾಲಿಸಬೇಕು. ಆಗ ಬಾಯಿ ಆಚೆ ತೆರೆಯುತ್ತದೆ, ನಡುವೆ ಕಲ್ಲೇ ಅಡ್ಡ ಇರುತ್ತದೆ. ಉಲ್ಟಾ ಮಾಡಿದರೆ ಒಳಗಿದ್ದದ್ದು ಕಾಲಿಗೇ ಬರುತ್ತದೆ.

ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿದ್ದು: ಗಟ್ಟಿಯಾದ ಮೈಲುತುತ್ತ (ತಾಮ್ರದ ಸಲ್ಫೇಟ್) ಸುಮಾರು ಎರಡು ಕೆಜಿ, ಸುಣ್ಣದ ಚೀಲ ಒಂದು, ಕಂದು ಬಾಟಲಿ ಎರಡು, ಅರ್ಧ ಒಣಗಿದ ಪೇಂಟ್ ಡಬ್ಬ ಐದು, ಥಿನ್ನರ್ ಒಂದು ಲೀಟರ್. ಮನೆಯೊಳಗಿಂದ ಟ್ಯೂಬ್‌ಲೈಟ್ ನಾಲ್ಕು, ಸಿಎಫ್‌ಎಲ್ ಏಳು, ಇನ್ವರ್ಟರ್ ಬ್ಯಾಟರಿ, ಹಳೇ ದಪ್ಪ ಟಿವಿ, ಬಿಸ್ಕಿಟ್ ಡಬ್ಬದ ತುಂಬ ಅವಧಿ ಮುಗಿದ ಮಾತ್ರೆ, ಇನ್ಸುಲಿನ್ ಸೂಜಿಗಳು, ಉಬ್ಬಿದ ಪವರ್‌ಬ್ಯಾಂಕ್ ಒಂದು.

ಮೈಲುತುತ್ತ ಹಾಳಾಗುವ ವಸ್ತುವಲ್ಲ. ಕಲ್ಲಾದರೂ ನೀರಿನಲ್ಲಿ ಕರಗಿದರೆ ಕೆಲಸಕ್ಕೆ ಬರುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಕೊಟ್ಟರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಿಕೊಳ್ಳುತ್ತಾರೆ: 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಹಳೇ ಸುಣ್ಣ ಮಾತ್ರ ಬೇಡ, ಗಾಳಿ ತಿಂದು ಸತ್ವ ಹೋಗಿರುತ್ತದೆ, ದ್ರಾವಣದ ಹುಳಿ ಮುರಿಯುವುದಿಲ್ಲ, ಎಲೆ-ಕಾಯಿ ಸುಡುತ್ತದೆ. ತುತ್ತವನ್ನು ಕಬ್ಬಿಣದ ಬಕೆಟಿನಲ್ಲಿ ಇಡಬಾರದು. ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಡೆ ಹರಿಯುವ ಕಾಲುವೆಗಂತೂ ಸುರಿಯಲೇಬಾರದು, ಮೀನು-ಸಿಗಡಿಗೆ ತಾಮ್ರ ವಿಷ.

ಕಂದು ಬಾಟಲಿಗಳದ್ದು ಬೇರೆ ಕಥೆ. ಒಂದಕ್ಕೆ ಚೀಟಿಯೇ ಇಲ್ಲ, ಇನ್ನೊಂದರ ಚೀಟಿಯಲ್ಲಿ ಉಳಿದದ್ದು ಕೆಂಪು ತ್ರಿಕೋನ ಮಾತ್ರ. ಕೀಟನಾಶಕದ ಚೀಟಿಯಲ್ಲಿ ವಿಷದ ತೀವ್ರತೆ ಕೆಂಪು, ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ, ಕೆಂಪು ಎಲ್ಲಕ್ಕಿಂತ ಕೆಟ್ಟದ್ದು. ಕರಾವಳಿಯ ಗೇರು ಇರುವ ಊರುಗಳಲ್ಲಿ ಇಂಥ ಬಾಟಲಿ ಎಂಡೋಸಲ್ಫಾನ್ ಇರಲೂಬಹುದು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ, ಅದಕ್ಕಿಂತ ಹಿಂದಿನ ಬಾಟಲಿಗಳು ಅಟ್ಟದಲ್ಲೇ ಉಳಿದಿರುತ್ತವೆ. ಮುಚ್ಚಳ ತೆಗೆಯಬಾರದು, ಮೂಸಬಾರದು, ತೊಳೆಯಬಾರದು. ಖಾಲಿ ಕೀಟನಾಶಕದ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹಾಕಬೇಕೆಂಬ ನಿಯಮ ಹೊಸ, ಗೊತ್ತಿರುವ ಔಷಧಿಗೆ. ಗೊತ್ತಿಲ್ಲದ್ದನ್ನು ಹಾಗೇ ನಿಲ್ಲಿಸಿ ಬಕೆಟಿನಲ್ಲಿಟ್ಟು, ಸುತ್ತ ಒಣ ಮರಳು ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಹೊರಗೆ ದಪ್ಪಕ್ಷರದಲ್ಲಿ ‘ವಿಷ – ತೆರೆಯಬೇಡಿ’ ಎಂದು ಬರೆಯಬೇಕು. ಮರಳು ಬಾಟಲಿಯನ್ನು ಅಲುಗಾಡದಂತೆ ಹಿಡಿಯುತ್ತದೆ, ಸೋರಿದರೆ ಹೀರುತ್ತದೆ.

ಹೂತರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಕರಾವಳಿಯ ಮಣ್ಣು ಒಂದೋ ಮರಳು, ಇಲ್ಲವೇ ತೂತುತೂತಾದ ಚಿರೆಕಲ್ಲು. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಹಿತ್ತಲಿನ ಮೂಲೆಯಲ್ಲಿ ಹೂತದ್ದು ಅಷ್ಟು ನೀರಿನಲ್ಲಿ ತೊಳೆದುಕೊಂಡು ಅದೇ ಬಾವಿಗೆ ಬರುತ್ತದೆ, ಅಥವಾ ಪಕ್ಕದ ಮನೆಯದಕ್ಕೆ.

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಹಳೇ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿ, ಟ್ಯೂಬನ್ನು ಪಿವಿಸಿ ಪೈಪಿನೊಳಗೆ ಜಾರಿಸಿ ಎರಡೂ ತುದಿಗೆ ಬಟ್ಟೆ ತುರುಕಿದರೆ ಸಾಗಾಟದಲ್ಲಿ ಒಡೆಯುವುದಿಲ್ಲ. ಒಡೆದರೆ ಕಿಟಕಿ ತೆರೆದು ಹತ್ತು-ಹದಿನೈದು ನಿಮಿಷ ಎಲ್ಲರೂ ಹೊರಗೆ. ಆಮೇಲೆ ಗಟ್ಟಿ ರಟ್ಟಿನಿಂದ ಬಾಚಿ, ಉಳಿದ ಪುಡಿಯನ್ನು ಟೇಪಿಗೆ ಅಂಟಿಸಿ ಎತ್ತಿ ಗಾಜಿನ ಭರಣಿಗೆ. ಹಿಡಿಸೂಡಿ, ಕಸಬರಿಗೆ, ವ್ಯಾಕ್ಯೂಮ್ ಯಾವುದೂ ಬೇಡ, ಎಲ್ಲವೂ ಅದನ್ನು ಕೋಣೆಯ ತುಂಬ ಹರಡುತ್ತವೆ.

ಇನ್ವರ್ಟರ್ ಬ್ಯಾಟರಿಯ ತೂಕ ಐವತ್ತು ಕೆಜಿಗೂ ಮೇಲೆ. ಇಬ್ಬರು ಹಿಡಿದು, ನೆಟ್ಟಗೇ, ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ಎತ್ತಬೇಕು. ಆಸಿಡ್ ಚೆಲ್ಲಿದ ಕಡೆ ಸೋಡಾಪುಡಿ ಹಾಕಿದರೆ ನೊರೆ ಬರುತ್ತದೆ, ನೊರೆ ನಿಲ್ಲುವವರೆಗೂ ಹಾಕುತ್ತಿರಬೇಕು. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ತೂಕಕ್ಕೆ ವಜಾ ಹಾಕಿಕೊಳ್ಳುತ್ತಾರೆ. ಗುಜರಿಗಿಂತ ಅದೇ ವಾಸಿ, ಏಕೆಂದರೆ ಗುಜರಿಯಲ್ಲಿ ಆಸಿಡನ್ನು ನೆಲಕ್ಕೆ ಚೆಲ್ಲಿ ಸೀಸವನ್ನಷ್ಟೇ ತೂಗುವ ಪರಿಪಾಠ ಇದೆ. ಉಬ್ಬಿದ ಪವರ್‌ಬ್ಯಾಂಕನ್ನು ಚುಚ್ಚದೆ, ತುದಿಗೆ ಟೇಪು ಹಚ್ಚಿ, ತಗಡಿನ ಡಬ್ಬದಲ್ಲಿ ಮರಳಿನ ನಡುವೆ ಇಟ್ಟದ್ದು ಬಿಸಿಲು ತಾಗದ ಕಡೆ. ಕಸದ ಗಾಡಿಯಲ್ಲಿ ಒತ್ತಿದಾಗ ಹೊತ್ತಿಕೊಳ್ಳುವುದು ಇಂಥವೇ.

ಸೂಜಿಗಳು ದಪ್ಪ ಪ್ಲಾಸ್ಟಿಕ್ ಬಾಟಲಿಗೆ, ತಿರುಪು ಮುಚ್ಚಳ, ಟೇಪು. ಟಿವಿಯ ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತ. ತಾಮ್ರಕ್ಕಾಗಿ ಒಡೆಯಲು ಬರುವವರಿಗೆ ಕೊಡಬಾರದು.

ಕೊಟ್ಟಿಗೆಯ ಪಕ್ಕ ನಾಲ್ಕು ಸಿಮೆಂಟ್ ಶೀಟು ಬಿದ್ದಿದ್ದವು, ಎರಡು ಒಡೆದಿದ್ದವು. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಔಷಧಿ ಹೊಡೆಯುವ ಪಂಪಿನಲ್ಲಿ ನೀರಿಗೆ ಎರಡು ಹನಿ ಪಾತ್ರೆ ಸೋಪು ಸೇರಿಸಿ ಚೆನ್ನಾಗಿ ನೆನೆಸಿ, ಎಳೆಯದೆ ಎತ್ತಿ, ಚೂರುಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಕಟ್ಟಬೇಕು. ಇದೇ ಚೂರನ್ನು ಗಾಡಿ ಬರುವ ದಾರಿಯ ಹೊಂಡಕ್ಕೆ ತುಂಬುವ ರೂಢಿ ಊರೂರಲ್ಲಿದೆ. ಟೈರಿನಡಿ ದಿನಾ ಪುಡಿಯಾಗಿ ಗಾಳಿಗೆ ಏಳಲು ಅದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ.

ಎರಡು ಮತ್ತು ಮೂರನೇ ದಿನ: ಕಡಿಯುವುದು

ಮಷಿನ್ 35 ಸಿಸಿಯ ನಾಲ್ಕು ಸ್ಟ್ರೋಕಿನದು, ಪೆಟ್ರೋಲಿಗೆ ಎಣ್ಣೆ ಬೆರೆಸುವುದಿಲ್ಲ. ಎರಡು ಸ್ಟ್ರೋಕಿನ ಮಷಿನ್ ಬಂದರೆ ಬೆರಕೆಯನ್ನು ಕಣ್ಣೆದುರೇ ಅಳೆಸಬೇಕು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಎಣ್ಣೆ, 25ಕ್ಕೆ 1 ಎಂದಿದ್ದರೆ 40 ಮಿಲಿ. ಇಲ್ಲಿ ಎರಡು ದಿನಕ್ಕೆ ಹತ್ತೂವರೆ ಗಂಟೆ ಓಡಿತು, ಆರೂವರೆ ಲೀಟರ್ ಪೆಟ್ರೋಲ್ ಹೋಯಿತು.

ಹುಲ್ಲಿಗೆ 3 ಮಿಲಿಮೀಟರಿನ ನೈಲಾನ್ ಹಗ್ಗ, ಕಮ್ಯುನಿಸ್ಟ್ ಗಿಡಕ್ಕೆ ಮೂರು ಹಲ್ಲಿನ ಬ್ಲೇಡು, ಹೆಬ್ಬೆರಳು ದಪ್ಪದ ಲಂಟಾನಕ್ಕೆ 80 ಹಲ್ಲಿನ ಬ್ಲೇಡು. ಬ್ಲೇಡು ಮೇಲಿನಿಂದ ನೋಡಿದರೆ ಎಡಸುತ್ತು ತಿರುಗುತ್ತದೆ, ಹಾಗಾಗಿ ಬಲದಿಂದ ಎಡಕ್ಕೆ ಬೀಸಬೇಕು. ಬ್ಲೇಡಿನ ಮುಂಬದಿಯ ಬಲಭಾಗ ಗಟ್ಟಿ ಕಾಂಡಕ್ಕೆ ಬಡಿದರೆ ಮಷಿನ್ ಬಲಕ್ಕೆ ಚಿಮ್ಮುತ್ತದೆ. ಹದಿನೈದು ಮೀಟರಿನೊಳಗೆ ಯಾರೂ ಇರಬಾರದು. ಗುಡಿಸುವವರು ಹಿಂದೆಯೇ ಬಂದರೆ ಕೆಲಸ ಬೇಗ ಆಗುತ್ತದೆ ಎಂದು ಕಾಣಬಹುದು, ಆದರೆ ಚಿರೆಕಲ್ಲಿನ ಚೂರು ಹಾರಿದರೆ ಮೊದಲು ತಗುಲುವುದು ಅವರಿಗೇ.

ಕಡಿಯುವ ದಿಕ್ಕು ಮನೆಯಿಂದ ಪಾಗಾರದ ಕಡೆಗೆ, ಒಂದು ಬದಿ ತೆರೆದಿಟ್ಟು. ಸುತ್ತಲಿಂದ ಒಳಕ್ಕೆ ಕಡಿಯುತ್ತ ಬಂದರೆ ಹಾವು, ಮುಂಗುಸಿ ಎಲ್ಲ ನಡುವಿನ ಕೊನೆಯ ಪೊದೆಗೆ ಸೇರುತ್ತವೆ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಬಳೆ-ಉಂಗುರ ತೆಗೆದು, ಅಲುಗಾಡಿಸದೆ, 108ಕ್ಕೆ ಫೋನ್. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷದ ದಾಸ್ತಾನು ಇದೆ ಎಂದು ಕೆಲಸಕ್ಕೆ ಮೊದಲೇ ಕೇಳಿ ಬರೆದಿಟ್ಟದ್ದು ಅಡುಗೆಮನೆ ಬಾಗಿಲಿಗೆ ಅಂಟಿಸಿತ್ತು.

ನಸುಗುನ್ನಿಯನ್ನು ಮಷಿನಿಗೆ ಬಿಡಲೇಬಾರದು. ರೋಮ ಗಾಳಿಯಲ್ಲಿ ಹರಡಿ ಇಡೀ ಅಂಗಳದವರಿಗೆ ತುರಿಕೆ ಹಿಡಿಯುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ, ಬುಡದಲ್ಲಿ ಕತ್ತಿಯಿಂದ ಕಡಿದು, ಬಳ್ಳಿಯನ್ನು ಎಳೆಯದೆ ಸುತ್ತಿ, ಬೇರೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದು. ಮೈಗೆ ತಾಗಿದರೆ ಉಜ್ಜಬಾರದು, ಟೇಪು ಅಂಟಿಸಿ ಕಿತ್ತರೆ ರೋಮ ಟೇಪಿಗೆ ಬರುತ್ತದೆ. ಹೊಲಗೇರಿನ ಸಸಿ ಇದ್ದರೆ ಊರಿನ ಆಳು ತಾನೇ ದೂರ ನಿಲ್ಲುತ್ತಾನೆ, ಹೊರಗಿನಿಂದ ಬಂದವರಿಗೆ ತೋರಿಸಿ ಹೇಳಬೇಕು. ಅದರ ಹಾಲು ಕಪ್ಪಾಗಿ ಮೈಯೆಲ್ಲ ಗುಳ್ಳೆ ಏಳಿಸುತ್ತದೆ.

ಎರಡನೇ ದಿನ ಮಧ್ಯಾಹ್ನ ಮಷಿನ್ ನಿಂತಿತು. ಕರಾವಳಿಯ ಹಿತ್ತಲಿನಲ್ಲಿ ಆಗುವ ತೊಂದರೆ ಇದೇ: ತರಕಾರಿ ಮಡಿಗೆ ಬೇಲಿಯಾಗಿ ಕಟ್ಟಿದ್ದ ಹಳೇ ಮೀನುಬಲೆ ಹುಲ್ಲಿನಡಿ ಮಲಗಿರುತ್ತದೆ. ಬ್ಲೇಡಿಗೆ ಸಿಕ್ಕರೆ ಅರೆಗಳಿಗೆಯಲ್ಲಿ ಗೇರ್‌ಹೆಡ್ಡಿನ (ಬ್ಲೇಡಿನ ತುದಿಯ ಗೇರ್ ಪೆಟ್ಟಿಗೆಯ) ಕುತ್ತಿಗೆಗೆ ಸುತ್ತಿಕೊಂಡು, ಉಜ್ಜಿ ಕಾದು ಕರಗಿ, ಎಣ್ಣೆ ಸೀಲಿನೊಳಗೆ ನುಗ್ಗುತ್ತದೆ. ಆಗ ಎಕ್ಸಲೇಟರ್ ಒತ್ತಿ ಬಿಡಿಸಲು ನೋಡಿದರೆ ಕ್ಲಚ್ ಶೂ ಸುಡುತ್ತದೆ, ಇಲ್ಲಿ ಮೂಗಿಗೆ ಸುಟ್ಟ ವಾಸನೆ ಬಂದದ್ದರಿಂದ ಅಷ್ಟಕ್ಕೇ ನಿಲ್ಲಿಸಲಾಯಿತು.

ಬಿಡಿಸಿದ ಕ್ರಮ: ಎಂಜಿನ್ ಆಫ್, ಪ್ಲಗ್ಗಿನ ಟೊಪ್ಪಿ ಕಿತ್ತದ್ದು. ಇದನ್ನು ಬಿಟ್ಟರೆ ಬೆರಳು ಹೋದೀತು. ಗೇರ್‌ಹೆಡ್ಡಿನ ಪಕ್ಕದ ತೂತಿಗೆ ಆಲನ್ ಕೀ ಹಾಕಿ ಶಾಫ್ಟ್ ಲಾಕ್ ಮಾಡಿ ಬ್ಲೇಡಿನ ನಟ್ಟು ಬಿಚ್ಚಿದ್ದು. ಈ ನಟ್ಟು ಎಡಮರೆಯದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ. ಅದು ಗೊತ್ತಿಲ್ಲದೆ ಬಲ ಹಾಕಿ ಮರೆ ತಿಂದ ಮಷಿನುಗಳು ರಿಪೇರಿ ಅಂಗಡಿಗಳಲ್ಲಿ ಸಾಲಾಗಿ ಬಿದ್ದಿರುತ್ತವೆ. ಬಟ್ಟಲಿನಂಥ ಕಪ್, ಗಾರ್ಡು ತೆಗೆದು, ಕರಗಿದ ನೈಲಾನನ್ನು ಚಾಕುವಿನಿಂದ ಉದ್ದುದ್ದ ಸೀಳಿ ಸುತ್ತು ಬಿಚ್ಚಿದ್ದು, ಅಡ್ಡ ಕೊಯ್ದರೆ ಸೀಲಿಗೆ ಗಾಯವಾಗುತ್ತದೆ. ಸೀಲಿನ ತುಟಿ ಸರಿಯಿತ್ತು. ಗ್ರೀಸ್ ತುಂಬುವ ಬದಿಯ ಬೋಲ್ಟು ತೆಗೆದು ಲಿಥಿಯಂ ಗ್ರೀಸ್ ಒತ್ತಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಗರಗರ ಇಲ್ಲವೆಂದು ನೋಡಿ ಜೋಡಿಸಿದ್ದು. ಹೋದದ್ದು ಮುಕ್ಕಾಲು ಗಂಟೆ. ಆಮೇಲೆ ಉಳಿದ ಜಾಗವನ್ನೆಲ್ಲ ಕುಂಟೆಯಿಂದ ಒಮ್ಮೆ ಗೀರಿ ನೋಡಿದಾಗ ಇನ್ನೆರಡು ಬಲೆ, ಒಂದು ಸುರುಳಿ ತಂತಿ, ಮೂರು ಹಳೇ ಟೈರು ಬಂದವು. ಒಂದನೇ ದಿನವೇ ಗೀರಬೇಕಿತ್ತು.

ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಮುಂದಿನ ಮಳೆಗೆ ನಾಲ್ಕು ಪಟ್ಟು ಚಿಗುರುತ್ತದೆ. ಪಿಕಾಸಿಯಿಂದ ಬುಡದ ಗಂಟಿನ ಕೆಳಗೆ ಮೂರ್ನಾಲ್ಕು ಬೆರಳು ಆಳದಲ್ಲಿ ಬೇರು ಕಡಿದು, ಬುಡವನ್ನು ತಲೆಕೆಳಗೆ ಒಣಗಿಸಬೇಕು. ಕಳೆನಾಶಕ ಹೊಡೆಯೋಣವೇ ಎಂಬ ಮಾತು ಬಂತು. ಬಾವಿ ಹನ್ನೆರಡು ಮೀಟರ್ ದೂರದಲ್ಲಿದೆ, ಬೇಡ.

ಹಲಸಿನ ಕೊಂಬೆಯೊಂದು ಮನೆಗೆ ಬರುವ ವಿದ್ಯುತ್ ತಂತಿಯ ಮೇಲೆ ಒರಗಿತ್ತು. ಅದಕ್ಕೆ ಕೂಲಿಯವರನ್ನು ಹತ್ತಿಸಲಿಲ್ಲ. ಹೆಸ್ಕಾಂನ 1912ಕ್ಕೆ ಹೇಳಿ, ಲೈನ್‌ಮನ್ ಬಂದು ಕರೆಂಟು ತೆಗೆದ ಮೇಲೆ ಆ ಒಂದು ಕೊಂಬೆ ಮಾತ್ರ ತೆಗೆದದ್ದು. ಮರವನ್ನೇ ಕಡಿಯುವುದಾದರೆ ಸ್ವಂತ ಹಿತ್ತಲಾದರೂ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು, ತೆಂಗಿಗೆ ಆ ತಾಪತ್ರಯ ಇಲ್ಲ. ಕಕ್ಕಸು ಗುಂಡಿ ಈ ಕೆಲಸದ ಭಾಗವೇ ಅಲ್ಲ. ‘ಹೇಗೂ ಆಳು ಇದ್ದಾರಲ್ಲ’ ಎಂದು ಯಾರನ್ನೂ ಅದರೊಳಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ಒಳಗಿನ ಗಾಳಿ ಕೊಲ್ಲುತ್ತದೆ. ಹೀರುವ ಗಾಡಿ ಕರೆಸಬೇಕು.

ನಾಲ್ಕನೇ ದಿನ: ರಾಶಿಗಳು

ರಾತ್ರಿ ಬಿಟ್ಟ ರಾಶಿಗೆ ಬೆಳಿಗ್ಗೆ ಕೈ ಹಾಕಬಾರದು, ಮೊದಲು ಗಳ. ಗುಡಿಸುವವರಿಗೆ ಗಂಬೂಟು, ಕೈಗವಸು. ಇಲಿಯ ಉಚ್ಚೆ ಸೇರಿದ ಕೆಸರು ಕಾಲಿನ ಬಿರುಕಿಗೆ ತಾಗಿದರೆ ಇಲಿಜ್ವರ ಬರುತ್ತದೆ, ಗಾಯವಿದ್ದವರು ಅವತ್ತು ಒಣ ಕೆಲಸ ಮಾಡಿದರು. ಕಾಡಿನ ಪಕ್ಕದ ಊರಾದರೆ ಉಣುಗು ಕಚ್ಚದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಎಲೆ-ಹುಲ್ಲಿಗೆ ಗುಂಡಿ: ಮೂರು ಮೀಟರ್ ಉದ್ದ, 1.2 ಮೀಟರ್ ಅಗಲ, 0.9 ಮೀಟರ್ ಆಳ, ಬಾವಿಯಿಂದ ಹದಿನೆಂಟು ಮೀಟರ್ ದೂರ. ಒಂದು ಗೇಣು ಎಲೆ, ಮೇಲೆ ಸಗಣಿನೀರು, ತೆಳುವಾಗಿ ಮಣ್ಣು, ಮತ್ತೆ ಎಲೆ. ಮೇಲೆ ಮಡಲು ಹೊದಿಸಿದ್ದು. ಇಪ್ಪತ್ತು ದಿನಕ್ಕೊಮ್ಮೆ ತಿರುವಿದರೆ ಮೂರ್ನಾಲ್ಕು ತಿಂಗಳಿಗೆ ಗೊಬ್ಬರ. ತಿರುವದೆ ಬಿಟ್ಟರೆ ಕುರುವಾಯಿ ದುಂಬಿ ಮೊಟ್ಟೆಯಿಟ್ಟು, ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಮಲಗಿಕೊಳ್ಳುತ್ತವೆ, ಮುಂದೆ ದುಂಬಿಯಾಗಿ ತೆಂಗಿನ ಸುಳಿ ಕೊರೆಯುವುದು ಅವೇ. ಕೊಟ್ಟಿಗೆಯ ಹಿಂದಿನ ಕೊಳೆತ ತೆಂಗಿನ ಬೊಡ್ಡೆ ಸೀಳಿದಾಗ ಮೂವತ್ತಕ್ಕೂ ಹೆಚ್ಚು ಹುಳು ಸಿಕ್ಕವು, ಕೋಳಿ ಸಾಕಿದ ಪಕ್ಕದ ಮನೆಯ ಅಕ್ಕ ಬುಟ್ಟಿ ತಂದು ಒಯ್ದರು.

ಕಾಯಿಸಿಪ್ಪೆ ಸುಮಾರು ಒಂದು ಸಾವಿರ ಇತ್ತು. ಸುಡುವುದು ದಂಡ. ತೆಂಗಿನ ಬುಡದಿಂದ ಎರಡು ಮೀಟರ್ ದೂರಕ್ಕೆ ಅರ್ಧ ಮೀಟರ್ ಆಳದ ಅಗಳ ತೋಡಿ, ಸಿಪ್ಪೆಯ ತಗ್ಗು ಬದಿ ಮೇಲೆ ಬರುವಂತೆ ಸಾಲಾಗಿ ಹಾಸಿ ಮಣ್ಣು ಮುಚ್ಚಿದ್ದು. ಐದಾರು ವರ್ಷ ಬೇಸಿಗೆಯಲ್ಲಿ ನೀರು ಹಿಡಿದಿಡುತ್ತದೆ. ಕವುಚಿ ಹಾಕಿದರೆ ನೀರು ಜಾರಿಹೋಗುತ್ತದೆ, ಮೊದಲ ಸಾಲು ಹಾಗೇ ಆಗಿ ಮತ್ತೆ ಬಿಚ್ಚಬೇಕಾಯಿತು. ಗೆರಟೆ, ಹಾಳೆ, ಒಡೆದ ಮಡಕೆ ಅಂಗಳದಲ್ಲಿ ಮಗುಚಿಯೂ ಉಳಿಯಬಾರದು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಎಂಟು-ಹತ್ತು ದಿನ ಸಾಕು. ಗಟ್ಟಿ ಸೌದೆ ಬಚ್ಚಲೊಲೆಗೆ. ಒಡೆದ ಹೆಂಚು ಕಾಲುದಾರಿಗೆ, ಇಡಿಯದ್ದು ಅಟ್ಟಿಗೆ.

ಐದನೇ ದಿನ: ಸಾಗಾಟ

ಪ್ಲಾಸ್ಟಿಕ್ ಒಂಬತ್ತು ಗೊಬ್ಬರದ ಚೀಲ, ಗಾಜಿನ ಬಾಟಲಿ ಮೂರು, ತೊಳೆದು ಒಣಗಿಸಿದ ಮೀನುಬಲೆ ಎರಡು, ಕಬ್ಬಿಣ ಒಂದು. ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ (ಒಣಕಸ ಬೇರೆ ಮಾಡುವ ಘಟಕಕ್ಕೆ) ಮುಂಚೆಯೇ ಫೋನ್ ಮಾಡಿ, ಯಾವ ದಿನ, ಏನು ತೆಗೆದುಕೊಳ್ಳುತ್ತಾರೆ ಎಂದು ಕೇಳಿತ್ತು. ಮನೆಮನೆಗೆ ಬರುವ ಸ್ವಚ್ಛ ವಾಹಿನಿ ದಿನದ ಕಸಕ್ಕೆ ಇರುವುದು, ಹದಿನೈದು ಚೀಲ ಒಮ್ಮೆಲೇ ಅದರ ಮೇಲೆ ಹೇರುವುದು ಅಲ್ಲಿ ದುಡಿಯುವ ಹೆಂಗಸರಿಗೆ ಅನ್ಯಾಯ. ಮಣ್ಣು ಮೆತ್ತಿದ ಪ್ಲಾಸ್ಟಿಕ್ ಅವರಿಗೆ ಬೇಡ, ತೊಳೆದದ್ದಕ್ಕೆ ಬೆಲೆ ಇದೆ.

ಟೆಂಪೋ ಎರಡು ಟ್ರಿಪ್. ಚಾಲಕ “ಎಲ್ಲಾದ್ರೂ ಹಾಕಿ ಬರ್ತೆ” ಎಂದರೆ ಅದು ಹಳೇ ಚಿರೆಕಲ್ಲು ಕ್ವಾರಿ, ಕೋಡಿ ಬದಿ ಅಥವಾ ದೇವಿಮನೆ ಘಾಟಿನ ತಿರುವು ಎಂದು ಅರ್ಥ. ಬಾಡಿಗೆಯ ಅರ್ಧ ಹೊರಡುವಾಗ, ಅರ್ಧ ಇಳಿಸಿದ ಕಡೆಯ ಚೀಟಿ ತಂದ ಮೇಲೆ. ಮನೆಯವರೊಬ್ಬರು ಜತೆಗೆ ಹೋದರೆ ಇನ್ನೂ ಒಳ್ಳೆಯದು. ಕಬ್ಬಿಣ, ಟೈರು ಗುಜರಿಗೆ ಹೋದವು, ಬ್ಯಾಟರಿ ಅಂಗಡಿಗೆ.

ವಿಷದ ಬಕೆಟುಗಳಿಗೆ ದಾರಿ ಅಷ್ಟು ಸಲೀಸಲ್ಲ. ಪೇಂಟ್ ಡಬ್ಬ, ಕೀಟನಾಶಕ, ಸಿಎಫ್‌ಎಲ್, ಟ್ಯೂಬ್‌ಲೈಟ್, ಹಳೇ ಮಾತ್ರೆ, ಸೂಜಿ, ಬ್ಯಾಟರಿ ಇವನ್ನು 2016ರ ಘನತ್ಯಾಜ್ಯ ನಿಯಮ ‘ಮನೆಯ ಅಪಾಯಕಾರಿ ತ್ಯಾಜ್ಯ’ ಎಂದು ಪಟ್ಟಿ ಮಾಡಿ, ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಇರಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿತು. ಕೇಳುವ ಕ್ರಮ: ಮೊದಲು ಪಂಚಾಯಿತಿ ಅಥವಾ ಪುರಸಭೆಯ ಆರೋಗ್ಯ ನಿರೀಕ್ಷಕರು, ಆಗದಿದ್ದರೆ ಕಾರವಾರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಫೋನಿಗಿಂತ ಪಟ್ಟಿ ಸಮೇತ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು, ಉತ್ತರ ಬರುತ್ತದೆ. ಸೂಜಿಯ ಬಾಟಲಿಯನ್ನು ಆರೋಗ್ಯ ಕೇಂದ್ರದವರು ತೆಗೆದುಕೊಂಡರು. ನೀರು ಬೆರೆಯುವ ಪೇಂಟಿಗೆ ಮರದ ಹೊಟ್ಟು ಕಲಸಿ ಗಟ್ಟಿ ಮಾಡಿದ್ದು, ಎಣ್ಣೆ ಪೇಂಟು ಮತ್ತು ಥಿನ್ನರ್ ಡಬ್ಬ ಮುಚ್ಚಿಯೇ ಉಳಿದವು.

ಇಪ್ಪತ್ತು ದಿನದ ನಂತರ

ಗುಂಡಿ ಅರ್ಧ ಇಳಿದಿತ್ತು, ಒಳಗೆ ಕೈ ಇಡಲಾಗದಷ್ಟು ಬಿಸಿ, ತಿರುವಿದ್ದು. ಕಮ್ಯುನಿಸ್ಟ್ ಗಿಡ ಬೇರು ಕಿತ್ತ ಕಡೆ ಇಲ್ಲ, ಮಷಿನ್ ಹೊಡೆದ ಕಡೆ ಗೇಣುದ್ದ ಚಿಗುರು. ಲಂಟಾನ ಮೂರು ಬುಡ ಮತ್ತೆ ಜೀವ ಹಿಡಿದಿವೆ, ಮೂರೂ ಪಾಗಾರದ ಕಲ್ಲಿನ ಸಂದಿನವು, ಪಿಕಾಸಿ ಇಳಿಯದ ಜಾಗ. ಜನವರಿ ಮೊದಲ ವಾರಕ್ಕೆ ಇನ್ನೊಂದು ಅರ್ಧಾಳು ಬೇಕು.

ಶೀಟಿನ ಕಟ್ಟು ಕೊಟ್ಟಿಗೆಯ ಮಾಡಿನಡಿ ಒಣಗಿದ ಕಡೆ ಇದೆ. ಕಂದು ಬಾಟಲಿಯ ಬಕೆಟು, ಪೇಂಟು, ಟ್ಯೂಬ್‌ಲೈಟಿನ ಪೈಪು ಬೀಗ ಹಾಕಿದ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಅರ್ಜಿಯ ಸ್ವೀಕೃತಿಯ ಪ್ರತಿ ಬಕೆಟಿನ ಮುಚ್ಚಳಕ್ಕೇ ಅಂಟಿಸಿದೆ, ಕೀಲಿ ಕೋಳಿ ಸಾಕಿದ ಅಕ್ಕನ ಹತ್ತಿರ.